ಹೊಸ ಸೀಟಿನ ಹಳೇ ದೋಣಿ

ಹಳೇ ಸಾಮಾನು ಕೊಂಡು ತಂದರೆ ಮೊದಲು ಏನು ಮಾಡುತ್ತೇವೆ ಹೇಳಿ. ಒರೆಸುತ್ತೇವೆ, ಬಣ್ಣ ಹಚ್ಚುತ್ತೇವೆ. ಮೇಲೊಂದು ಹೊಸ ಬಟ್ಟೆ ಹೊದಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ‘ಈಗ ಹೊಸದರ ಹಾಗೇ ಇದೆ’ ಅನ್ನುತ್ತೇವೆ. ಒಳಗೇನಿದೆ ಅಂತ ನೋಡುವುದು ಅದು ಕೈಕೊಟ್ಟ ಮೇಲೆ.

ಸೀಟಿನವನೂ ಅದನ್ನೇ ಮಾಡಿದ. ಊರಲ್ಲಿ ಅವನಿಗೆ ಅದೇ ಹೆಸರು. ಬಸ್ಸು, ಕಾರು, ಸ್ಕೂಟರು, ಹಲ್ಲಿನ ಡಾಕ್ಟರ ಕುರ್ಚಿ, ಯಾವುದು ತಂದುಕೊಟ್ಟರೂ ಅಳತೆಗೆ ಸರಿಯಾಗಿ ಸೀಟು ಹೊಲಿದು ಕೊಡುತ್ತಾನೆ. ಹೆಂಡತಿ ಅದೇ ಅಂಗಡಿಯಲ್ಲಿ ರೆಕ್ಸಿನ್ ಕತ್ತರಿಸುತ್ತಾಳೆ. ಅಂಗಡಿ ನದಿಯ ದಂಡೆಗೇ ಇದೆ. ಕಿಟಕಿಯಾಚೆ ಮೋಟಾರು ದೋಣಿಯೊಂದು ಹಾದುಹೋದರೆ ಅವನ ಹೊಲಿಗೆ ಮಷಿನ್ನು ತಾನಾಗಿ ನಿಂತುಬಿಡುತ್ತಿತ್ತು. ಇಪ್ಪತ್ತಾರು ವರ್ಷ ಹಾಗೆ ನಿಂತೂ ನಿಂತೂ, ಕೊನೆಗೆ ಈ ವರ್ಷ ಅವನೇ ಒಂದು ಹಳೇ ದೋಣಿ ಕೊಂಡ. ಅದು ಇದ್ದದ್ದು ದೂರದ ಕಡಲತೀರದ ದೋಣಿ ಶೆಡ್ಡಿನಲ್ಲಿ. ಅಲ್ಲಿಂದ ಕಡಲಂಚು ಹಿಡಿದು ಬಂದು, ನದಿ ಸಮುದ್ರ ಸೇರುವಲ್ಲಿ ಒಳಗೆ ತಿರುಗಿ, ಮನೆ ಮುಟ್ಟಲು ಎರಡು ದಿನ.

“ಲಾರಿ ಮೇಲೆ ಹಾಕ್ಕೊಂಡು ಬರಬಹುದಲ್ಲ” ಅಂದಿದ್ದಳು ಹೆಂಡತಿ.

“ದೋಣಿನ ಲಾರಿ ಮೇಲೆ ತರೋದಾ? ಮದುಮಗನ್ನ ಯಾರಾದರೂ ಹೊತ್ಕೊಂಡು ಬರ್ತಾರಾ?”

ಅಷ್ಟೇ ಅಲ್ಲ, ‘ಭಾನುವಾರ ಸಂಜೆ ನಾಲ್ಕಕ್ಕೆ ದಂಡೆಯಲ್ಲಿ ನಿಂತಿರಿ, ಬರ್ತೀವಿ’ ಅಂತ ಷಡ್ಡಕನಿಗೆ, ಷಡ್ಡಕನ ಅಣ್ಣನಿಗೆ, ಎದುರು ಅಂಗಡಿಯ ಗಡಿಯಾರ ರಿಪೇರಿಯವನಿಗೆ, ಎಲ್ಲರಿಗೂ ಹೇಳಿಟ್ಟು, ಹೊಲಿಗೆ ಮಷಿನ್ನನ್ನೂ ಜೊತೆಗೆ ಕಟ್ಟಿಕೊಂಡು ಸೋಮವಾರವೇ ದೋಣಿ ಶೆಡ್ಡಿಗೆ ಹೊರಟುಬಿಟ್ಟ.

ಶನಿವಾರ ಬೆಳಿಗ್ಗೆ ಹೆಂಡತಿಯೂ ಅವಳ ಅತ್ತೆಯೂ ಅಲ್ಲಿ ಬಸ್ಸಿಳಿದಾಗ ದೋಣಿ ನೀರಿನಲ್ಲಿ ಸಜ್ಜಾಗಿ ನಿಂತಿತ್ತು. ಕಡುಗೆಂಪು ರೆಕ್ಸಿನ್ನಿನ ಸೀಟು, ಅಂಚಿಗೆ ಬಿಳಿ ಪಟ್ಟಿ, ನಡುನಡುವೆ ಒತ್ತಿ ಹೊಲಿದ ಗುಂಡಿಗಳು. ಒಳಗೋಡೆಗೂ ಅದೇ ರೆಕ್ಸಿನ್ನು. ಅವಳಿಗೆ ನಿಜಕ್ಕೂ ಹೆಮ್ಮೆಯಾಯಿತು. ಇಷ್ಟು ನೇರ ಹೊಲಿಗೆ ಈ ವಯಸ್ಸಿನಲ್ಲಿ ಯಾರ ಕೈಯಿಂದ ಬರುತ್ತದೆ?

ಅತ್ತೆ ಸೀಟಿನ ಮೇಲೆ ಕೂತು ಎರಡು ಸಲ ಕುಪ್ಪಳಿಸಿ ನೋಡಿದರು. “ಮೆತ್ತಗಿದೆ ಕಣೋ. ನಮ್ಮನೆ ಹಾಸಿಗೆಗೂ ಇಷ್ಟು ಸುಖ ಇಲ್ಲ. ನಿಮ್ಮಪ್ಪ ಇದ್ದಿದ್ದರೆ ಇಲ್ಲೇ ಮಲಗಿಬಿಡೋರು.”

“ಒಳ್ಳೆ ಫೋಮು ಅಮ್ಮ. ಇಲ್ಲೇ ಸಿಕ್ತು.”

ಆಗ ಪಕ್ಕದ ದೋಣಿಯ ಇಂಜಿನ್ ಗೂಡಿನಿಂದ ಒಂದು ತಲೆ ಮೇಲೆ ಬಂತು. ಕಿವಿಯ ಹಿಂದೆ ಸ್ಕ್ರೂಡ್ರೈವರು, ಕೆನ್ನೆಯ ಮೇಲೆ ಗ್ರೀಸು. ಶೆಡ್ಡಿನ ಮೆಕ್ಯಾನಿಕ್ಕು; ಎಲ್ಲರೂ ಇಂಜಿನ್ ಅಕ್ಕ ಅನ್ನುತ್ತಾರೆ.

“ಇವತ್ತೇ ಹೊರಡ್ತೀರಾ?” ಕೇಳಿದಳು ಅವಳು.

“ಇನ್ನೇನು, ಈಗಲೇ” ಅಂದ ಸೀಟಿನವ.

“ಇಂಜಿನ್ನು ನೋಡಿಸಿದ್ರಾ?”

“ಮಾರಿದವರು ಹೋದ ತಿಂಗಳು ತಾನೇ ಓಡಿಸಿದ್ರಂತೆ.”

“ನಮ್ಮ ಯಜಮಾನರೂ ಹೋದ ತಿಂಗಳು ಓಡಿದ್ರು. ಈ ತಿಂಗಳು ಸೊಂಟ ಹಿಡ್ಕೊಂಡು ಮಲಗಿದ್ದಾರೆ.” ಅಕ್ಕ ಕೈ ಒರೆಸಿಕೊಳ್ಳುತ್ತ ಇತ್ತ ದಾಟಿದಳು. “ಲೈಫ್ ಜಾಕೆಟ್ ಎಷ್ಟಿದೆ?”

ಸೀಟಿನವ ತಲೆ ಕೆರೆದುಕೊಂಡ. ಅತ್ತೆಯ ತೊಡೆಯ ಮೇಲೆ ಕಿತ್ತಳೆ ಬಣ್ಣದ ಒಂದು ಚೀಲವಿತ್ತು. ಮಗ ಆಗಷ್ಟೇ ಕೊಟ್ಟದ್ದು. ಹಿಡಿಕೆಯಲ್ಲಿ ಒಂದು ಪುಟ್ಟ ಸೀಟಿ ನೇತಾಡುತ್ತಿತ್ತು. ಅಕ್ಕ ಚೀಲ ನೋಡಿದಳು, ಸೀಟಿ ನೋಡಿದಳು, ಆಮೇಲೆ ಸೀಟಿನ ಕುಷನ್ನು ಒತ್ತಿ ನೋಡಿದಳು.

“ಅಣ್ಣ, ಜಾಕೆಟ್ ಬಿಚ್ಚಿ ಕುಷನ್ ತುಂಬಿದ್ರಾ?”

“ಮೂರು ಜಾಕೆಟ್ ಇತ್ತು. ಬಟ್ಟೆ ಮಾಸಿತ್ತು, ಆದರೆ ಫೋಮು ಒಂದನೇ ನಂಬರು. ಸುಮ್ಮನೆ ಮೂಲೇಲಿ ಬಿದ್ದಿರೋದು ಯಾಕೆ ಅಂತ. ಬಟ್ಟೇನೂ ದಂಡ ಮಾಡಲಿಲ್ಲ, ಅಮ್ಮಂಗೆ ಚೀಲ ಆಯ್ತು.”

“ನೀರಿಗೆ ಬಿದ್ದರೆ?” ಅತ್ತೆ ಕೇಳಿದರು.

“ಕುಷನ್ ಹಿಡ್ಕೊಳ್ಳೋದು ಅಮ್ಮ. ಅದೇ ಫೋಮು ತಾನೇ, ತೇಲುತ್ತೆ.”

“ಹಲಗೆಗೆ ಮೊಳೆ ಹೊಡೆದಿದ್ದೀಯಲ್ಲೋ. ನಾನು ಬೀಳುವಾಗ ನೀನು ಮೊಳೆ ಕೀಳ್ತಾ ಕೂರ್ತೀಯಾ?”

ಅಕ್ಕ ನಕ್ಕಳು. ಹೆಂಡತಿಗೂ ನಗು ಬಂತು, ಆದರೆ ಗಂಡನ ಕಿವಿ ಕೆಂಪಾದದ್ದು ಕಂಡು ನುಂಗಿಕೊಂಡಳು. ಅಕ್ಕ ಬಗ್ಗಿ ಇನ್ನೇನೋ ನೋಡಹೊರಟಾಗ ಶೆಡ್ಡಿನಿಂದ ಯಾರೋ ಕೂಗಿದರು. “ಬಂದೆ. ಅಲ್ಲೀವರೆಗೂ ಹೊರಡಬೇಡಿ” ಅಂತ ಅವಳು ಹೋದಳು.

“ಇವರ ಮಾತು ಕೇಳ್ತಾ ಕೂತರೆ ಭಾನುವಾರ ತಪ್ಪುತ್ತೆ” ಅಂದ ಸೀಟಿನವ. “ಜಾಕೆಟ್ಟನ್ನ ದಾರೀಲಿ ಎಲ್ಲಾದರೂ ತಗೊಂಡರಾಯ್ತು. ಕೂತ್ಕೊಳ್ಳಿ.” ಜೇಬಿನಿಂದ ಕೀಲಿ ತೆಗೆದ.

ಆಗಲೇ ಹೆಂಡತಿಯ ಮೂಗಿಗೆ ಏನೋ ತಾಗಿತು.

“ಏನೋ ವಾಸನೆ” ಅಂದಳು.

“ನನ್ನ ಅಂಟಿನದು. ನಿನ್ನೆ ತಾನೇ ಗೋಡೆಗೆ ರೆಕ್ಸಿನ್ ಅಂಟಿಸಿದ್ದು.”

ಇರಬಹುದು. ಅಂಗಡಿಯಲ್ಲೂ ದಿನವಿಡೀ ಅದೇ ಅಂಟಿನ ವಾಸನೆ. ಅದನ್ನು ಕುಡಿದು ಕುಡಿದು ಗಂಡನ ಮೂಗು ಎಂದೋ ಸತ್ತುಹೋಗಿದೆ. ಅಡುಗೆ ಸೀದರೂ ಅವನಿಗೆ ತಿಳಿಯುವುದು ತಟ್ಟೆಗೆ ಬಂದ ಮೇಲೆ. ಆದರೆ ಅಂಟಿನ ವಾಸನೆಗೆ ಒಂದು ಸಿಹಿ ಇದೆ, ಗಂಟಲಲ್ಲಿ ಕೂರುತ್ತದೆ. ಇದು ಹಾಗಿಲ್ಲ, ಮೂಗನ್ನು ಕಚ್ಚುತ್ತದೆ.

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಗಂಡ ಕೆಟ್ಟವನಲ್ಲ, ಒಂದು ದಿನವೂ ಕೈಯೆತ್ತಿದವನಲ್ಲ. ಆದರೂ ಅವನ ಉತ್ಸಾಹದ ಎದುರು ‘ಬೇಡ’ ಅನ್ನುವ ಎರಡಕ್ಷರ ಅವಳಿಗೆ ಯಾವತ್ತೂ ಭಾರ. ಅನ್ನಬೇಕೆನಿಸಿದಾಗಲೆಲ್ಲ ಮನೆಯಲ್ಲಾದರೆ ಯಾವುದಾದರೂ ಪಾತ್ರೆ ಒರೆಸಲು ಶುರು ಮಾಡುತ್ತಿದ್ದಳು. ಒರೆಸಿ ಮುಗಿಯುವುದರೊಳಗೆ ಮಾತು ತಣ್ಣಗಾಗುತ್ತಿತ್ತು. ದೋಣಿಯಲ್ಲಿ ಒರೆಸಲು ಏನೂ ಇರಲಿಲ್ಲ. ಎಲ್ಲವನ್ನೂ ಅವನೇ ಒರೆಸಿಟ್ಟಿದ್ದ.

ಕೀಲಿ ತೂತಿನೊಳಗೆ ಹೋಯಿತು. ಅತ್ತೆ ಚೀಲ ತಬ್ಬಿಕೊಂಡು ಕೂತಿದ್ದರು.

“ಬೇಡ” ಅಂದಳು ಅವಳು.

“ಏನು ಬೇಡ?”

“ಕೀಲಿ ತಿರುಗಿಸಬೇಡಿ. ಇದು ಅಂಟಲ್ಲ, ಪೆಟ್ರೋಲು. ನಿಮ್ಮ ಮೂಗು ಹೋಗಿ ಹತ್ತು ವರ್ಷ ಆಯ್ತು. ನನ್ನದು ಇನ್ನೂ ಇದೆ.” ಹೇಳುತ್ತಲೇ ಅವನ ಕೈ ಸರಿಸಿ, ಕೀಲಿ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು. ತನ್ನ ಕೈ ಅಷ್ಟು ಚುರುಕಾಗಿದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

“ಎಲ್ಲಾ ಸರಿಯಿರುವಾಗ ಅಪಶಕುನ ಮಾತಾಡ್ತೀಯಲ್ಲ. ಕೊಡು ಇಲ್ಲಿ.”

ಅಷ್ಟರಲ್ಲಿ ಅತ್ತೆ ಚೀಲದ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದರು. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಂಜಿನ್ ಅಕ್ಕ ಓಡಿ ಬಂದಳು.

“ಏನಿಲ್ಲಮ್ಮ” ಅಂದರು ಅತ್ತೆ. “ಇವನಿಗೆ ಸೊಸೆ ಮಾತು ಕೇಳಿಸ್ತಿಲ್ಲ, ಅದಕ್ಕೆ.”

ಅಕ್ಕ ಒಂದು ಉಸಿರು ಎಳೆದುಕೊಂಡಳು. ಮುಖದ ನಗು ಮಾಯವಾಯಿತು. “ಯಾವ ಸ್ವಿಚ್ಚೂ ಮುಟ್ಟಬೇಡಿ. ಎಲ್ಲರೂ ದಡಕ್ಕೆ ಇಳೀರಿ.”

ಅವರು ಇಳಿದ ಮೇಲೆ ಅಕ್ಕ ಪೆಟ್ರೋಲಿನ ಕವಾಟ ಮುಚ್ಚಿ, ಇಂಜಿನ್ನಿನ ಮುಚ್ಚಳ ಎತ್ತಿದಳು. ಪೆಟ್ರೋಲಿನ ರಬ್ಬರು ಪೈಪು ಒಣಗಿ ಬಿರುಕು ಬಿಟ್ಟಿತ್ತು. ಅದರಿಂದ ಜಿನುಗಿದ್ದು ತಳದಲ್ಲಿ ನಿಂತಿತ್ತು. ದೋಣಿಯ ಎರಡೂ ಬದಿಗೆ ಕೈ ಆಡಿಸಿ ಅವಳು ಕೇಳಿದಳು, “ಅಣ್ಣ, ಇಲ್ಲಿ ಎರಡು ಗಾಳಿಕಿಂಡಿ ಇರಬೇಕಿತ್ತಲ್ಲ?”

“ಇತ್ತು. ಹಲ್ಲಿಲ್ಲದ ಬಾಯಿ ಹಾಗೆ ಕಾಣ್ತಿತ್ತು. ಮೇಲೆ ರೆಕ್ಸಿನ್ ಹಾಕಿ ಗುಂಡಿ ಹೊಲಿದೆ.”

“ಇಂಜಿನ್ ಗೂಡು ಉಸಿರಾಡೋದು ಅದರಲ್ಲೇ. ಪೆಟ್ರೋಲಿನ ಹಬೆ ಗಾಳಿಗಿಂತ ಭಾರ. ತಾನಾಗಿ ಮೇಲೆ ಹೋಗಲ್ಲ, ತಳದಲ್ಲೇ ಕೂರುತ್ತೆ. ನೀವು ಬಾಯಿ ಬೇರೆ ಹೊಲಿದಿದ್ದೀರಿ. ಕೀಲಿ ತಿರುಗಿಸಿದಾಗ ಒಂದು ಕಿಡಿ ಹಾರಿದ್ದರೆ ಸಾಕಿತ್ತು.”

ಸೀಟಿನವ ತಾಯಿಯ ಕಡೆ ನೋಡಿದ, ಹೆಂಡತಿಯ ಮುಷ್ಟಿಯ ಕಡೆ ನೋಡಿದ. ಆಮೇಲೆ ಅಲ್ಲೇ ಇದ್ದ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ. ಅವನನ್ನು ಬೈಯಬೇಕೆಂದು ಹೆಂಡತಿಗೆ ಅನಿಸಿತ್ತು. ಆದರೆ ಪಕ್ಕದಲ್ಲಿ ಕೂತು, “ಹೊಲಿಗೆ ಮಾತ್ರ ಚೆನ್ನಾಗಿದೆ” ಅಂದಳು.

“ಕತ್ತರಿ ಇದೆಯಾ?” ಅಂದ ಅವನು.

ಹೊಲಿದದ್ದನ್ನು ತಾನೇ ಬಿಚ್ಚುವುದು ಯಾವ ಹೊಲಿಗೆಯವನಿಗೂ ಕಷ್ಟ. ತಳದ ಪೆಟ್ರೋಲನ್ನೆಲ್ಲ ಅಕ್ಕ ತೆಗೆದು, ಒಳಗೆ ಚೆನ್ನಾಗಿ ಗಾಳಿಯಾಡಿದ ಮೇಲೆ, ಅವನು ಒಂದೊಂದೇ ಗುಂಡಿ ಬಿಚ್ಚಿದ. ಕಿಂಡಿಗಳ ಸುತ್ತ ಬಿಳಿ ಪಟ್ಟಿ ಹೊಲಿದು ಬಾಯಿ ತೆರೆದೇ ಬಿಟ್ಟ. ಪೈಪು ಹೊಸದಾಯಿತು. ಬ್ಯಾಟರಿ ಚಾರ್ಜು ಹಿಡಿಯುತ್ತಿರಲಿಲ್ಲ, ಬದಲಾಯಿಸಿದರು. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಖಾಲಿ ಎಂದು ತೋರಿಸುವ ಕೆಂಪಿನಲ್ಲಿತ್ತು.

“ಆ ಕೆಂಪು ಸೀಟಿಗೆ ಹೊಂದುತ್ತೆ” ಅಂದರು ಅತ್ತೆ, “ಆದರೂ ಬೇರೆ ತಗೊಳ್ಳೋ.”

ಮೂವರಿಗೂ ಅವರವರ ಅಳತೆಯ ಲೈಫ್ ಜಾಕೆಟ್ ಬಂತು. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು, “ಸೋರೆಕಾಯಿ ಹಾಗಿದ್ದೀನಿ” ಅಂದರು. “ದೋಣಿ ಹತ್ತುವಾಗಲೇ ಹಾಕ್ಕೊಳ್ಳಿ ಅತ್ತೆಮ್ಮ” ಅಂದಳು ಅಕ್ಕ. “ಸೀಟಿನ ಕೆಳಗಿಟ್ಟ ಜಾಕೆಟ್ ಸೀಟನ್ನ ಉಳಿಸುತ್ತೆ, ನಿಮ್ಮನ್ನಲ್ಲ.”

ಭಾನುವಾರ ಸಂಜೆ ನಾಲ್ಕಕ್ಕೆ ಷಡ್ಡಕನ ಫೋನು ಬಂತು. ‘ದಂಡೆಯಲ್ಲಿ ನಿಂತಿದ್ದೀವಿ, ಎಲ್ಲಿ ದೋಣಿ?’ ಸೀಟಿನವ ಫೋನನ್ನು ಹೆಂಡತಿಗೆ ಕೊಟ್ಟ. “ದೋಣಿ ತಯಾರಾಗಿಲ್ಲ ಭಾವ, ಬರೋದು ತಡ” ಅಂದಳು ಅವಳು. ಅಷ್ಟು ಹೇಳಿದ್ದಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ.

ಮಂಗಳವಾರ ಸೀಟಿನವ ಮತ್ತೆ ಕುಣಿಯತೊಡಗಿದ. “ಎಲ್ಲಾ ಆಯ್ತಲ್ಲ, ಹೊರಡೋಣ್ವಾ?”

“ಮೊದಲು ಇಲ್ಲೇ ಒಂದು ಗಂಟೆ ಓಡಿಸಿ ನೋಡೋಣ” ಅಂದಳು ಅಕ್ಕ.

“ನಿಂತಲ್ಲೇ ಸ್ಟಾರ್ಟ್ ಆಗ್ತಿದೆ, ಇಂಜಿನ್ ತಂಪು ಮಾಡಿದ ನೀರೂ ಹೊರಗೆ ಎಸೀತಿದೆ. ಇನ್ನೇನು ನೋಡೋದು?”

“ಅಂಗಡೀಲಿ ಬರೀ ಹೊಲಿಗೆ ನೋಡಿ ಸೀಟು ಕೊಟ್ಟುಬಿಡ್ತೀರಾ? ಯಾರನ್ನಾದರೂ ಕೂರಿಸಿ ನೋಡಲ್ವಾ?”

ಅದು ಅವನಿಗೆ ಸರಿಯಾಗಿ ತಾಗಿತು. ಅಕ್ಕನನ್ನೂ ಹತ್ತಿಸಿಕೊಂಡು ಹೊರಟರು. ಇಪ್ಪತ್ತು ನಿಮಿಷಕ್ಕೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಮೊದಲು ಕಂಡವಳು ಹೆಂಡತಿ. “ನಿಲ್ಲಿಸಿ” ಅಂದಳು. ಈ ಸಲ ಅವನು ಯಾಕೆ ಅಂತ ಕೇಳಲಿಲ್ಲ. ಲಂಗರು ಇಳಿಸಿ ಅಕ್ಕ ಪಂಪು ಬಿಚ್ಚಿದಳು. ಇಂಜಿನ್ನು ತಂಪಾಗಿಡಲು ನೀರು ತಳ್ಳುವ ಪುಟ್ಟ ರಬ್ಬರು ಚಕ್ರ. ಆರು ಎಸಳಿನಲ್ಲಿ ನಾಲ್ಕು ಮುರಿದಿದ್ದವು.

“ದಡ ಕಾಣ್ತಿರುವಾಗ ಕೆಟ್ಟಿತು, ಪುಣ್ಯ” ಅಂದಳು ಅಕ್ಕ, ಹೊಸ ಚಕ್ರ ಕೂರಿಸುತ್ತ. “ನಾಳೆ ಸಂಜೆ ನಡುದಾರೀಲಿ ಕೆಟ್ಟಿದ್ದರೆ?”

ಸೀಟಿನವ ಅಂಥದ್ದೇ ಇನ್ನೊಂದು ಚಕ್ರ ಕೇಳಿ ತೆಗೆದುಕೊಂಡು, ಬದಲಾಯಿಸುವುದು ಹೇಗೆಂದು ಕಲಿತುಕೊಂಡ. ಪೆಟ್ರೋಲಿನ ಲೆಕ್ಕವನ್ನೂ ಕೇಳಿ ಬರೆದುಕೊಂಡ: ತಂಗುವ ಜಾಗ ಮುಟ್ಟಲು ಒಂದು ಪಾಲು, ಬೇಕೆಂದರೆ ಹಿಂದಿರುಗಲು ಒಂದು ಪಾಲು, ಮುಟ್ಟದೆ ಇಡಲು ಇನ್ನೊಂದು ಪಾಲು.

ಗುರುವಾರ ಬೆಳಿಗ್ಗೆ ಹವಾಮಾನ ವರದಿ ಕೇಳಿ ಹೊರಟರು. ಯಾವ ದಾರಿ, ಎಲ್ಲಿ ತಂಗುವುದು, ಎಷ್ಟು ಹೊತ್ತಿಗೆ ಫೋನು ಮಾಡುವುದು ಅಂತ ಬರೆದ ಚೀಟಿಯನ್ನು ಹೆಂಡತಿ ಅಕ್ಕನ ಕೈಗಿತ್ತಳು. “ಹೇಳಿದ ಹೊತ್ತಿಗೆ ಫೋನು ಬರದಿದ್ದರೆ ಹುಡುಕೋಕೆ ಕಳಿಸ್ತೀನಿ” ಅಂದಳು ಅಕ್ಕ. ಸ್ಟಾರ್ಟ್ ಮಾಡುವ ಮೊದಲು ಸೀಟಿನವ ಮುಚ್ಚಳ ಎತ್ತಿ ಹೆಂಡತಿಯನ್ನು ಕರೆದ. ಅವಳು ಮೂಸಿ ನೋಡಿ ಸರಿ ಅಂದ ಮೇಲೆ, ಹಬೆ ಹೊರಗೆ ತಳ್ಳುವ ಫ್ಯಾನನ್ನು ಐದು ನಿಮಿಷ ಓಡಿಸಿ, ಆಮೇಲೆ ಕೀಲಿ ತಿರುಗಿಸಿದ.

ಮೊದಲ ದಿನ ಸುಖವಾಗಿ ಕಳೆಯಿತು. ಎರಡನೇ ದಿನ ಮಧ್ಯಾಹ್ನ ನದಿಯ ಬಾಯಿ ಹತ್ತಿರವಾಯಿತು. ಇನ್ನು ಮೂರು ಗಂಟೆಯಾದರೆ ಮನೆ. ಷಡ್ಡಕ ಮತ್ತೆ ಜನ ಸೇರಿಸಿದ್ದ. ಆದರೆ ಗಾಳಿ ಎದ್ದಿತ್ತು. ನದಿಯೂ ಸಮುದ್ರವೂ ಸೇರುವಲ್ಲಿ ಅಲೆಗಳು ಬೆಳ್ಳಗೆ ಮುರಿಯುತ್ತಿದ್ದವು. ಅವಳು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಗಂಡ ಚುಕ್ಕಾಣಿ ತಿರುಗಿಸಿದ.

“ಇವತ್ತು ಬೇಡ” ಅಂದ. “ಈಗಷ್ಟೇ ಹಾದು ಬಂದ ಮೀನುಗಾರರ ಜೆಟ್ಟಿಗೆ ವಾಪಸ್ ಹೋಗಿ ಕಾಯೋಣ. ಅಕ್ಕಂಗೆ ಫೋನ್ ಮಾಡಿ ಹೇಳು.”

“ದಂಡೇಲಿ ಜನ ಕಾಯ್ತಿರ್ತಾರಲ್ಲೋ” ಅಂದರು ಅತ್ತೆ.

“ಕಾಯಲಿ ಅಮ್ಮ. ಅವರು ನೆಲದ ಮೇಲೆ ಇದ್ದಾರೆ.”

ಅವಳು ಅವನನ್ನೇ ನೋಡಿದಳು. ತನಗೆ ಇಷ್ಟು ವರ್ಷ ಭಾರವಾಗಿದ್ದ ‘ಬೇಡ’ ಅನ್ನುವ ಮಾತನ್ನು ಅವನು ಎಷ್ಟು ಹಗುರವಾಗಿ ಆಡಿಬಿಟ್ಟ.

ಮರುದಿನ ಗಾಳಿ ಇಳಿದ ಮೇಲೆ ಬೆಳಿಗ್ಗೆ ಊರು ಮುಟ್ಟಿದರು. ದಂಡೆಯಲ್ಲಿ ಯಾರೂ ಇರಲಿಲ್ಲ. ಹೊಸ ಸೀಟನ್ನು ಹೊಗಳುವವರು ಒಬ್ಬರೂ ಇಲ್ಲ. ಸೀಟಿನವ ಹಗ್ಗ ಕಟ್ಟಿ, ಮೊದಲು ತಾಯಿಯ ಕೈ ಹಿಡಿದು ಇಳಿಸಿದ, ಆಮೇಲೆ ಹೆಂಡತಿಯದು. ಹತ್ತಿದವರು ಮೂವರು, ಇಳಿದವರೂ ಮೂವರು.

ಹಳೇ ದೋಣಿ ಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಸೀಟು ಆಮೇಲೆ ಹೊಲಿಸಿಕೊಳ್ಳಿ. ಮೊದಲು ಇಂಜಿನ್ನಿನ ಮುಚ್ಚಳ ಎತ್ತಿ, ಬಲ್ಲವರಿಗೆ ತೋರಿಸಿ. ಗಾಳಿಕಿಂಡಿ ಮುಚ್ಚಬೇಡಿ. ದಡದ ಹತ್ತಿರವೇ ಓಡಿಸಿ ನೋಡದೆ ದೂರ ಹೋಗಬೇಡಿ. ಜಾಕೆಟ್ಟನ್ನು ಮೈಮೇಲೆ ಹಾಕಿಕೊಳ್ಳಿ, ಹೋಗುವ ದಾರಿಯನ್ನು ದಡದಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ದೋಣಿಯಲ್ಲಿ ಕೂತ ತಾಯಂದಿರೇ, ನಿಮಗೆ ಅನುಮಾನ ಬಂದರೆ ಗಂಡನ ಮುಖ ನೋಡುತ್ತ ಕೂರಬೇಡಿ. ಕೀಲಿ ತಿರುಗುವ ಮೊದಲೇ ‘ಬೇಡ’ ಅನ್ನಿ. ತಿರುಗಿದ ಮೇಲೆ ಹೇಳಲು ಸಮಯ ಸಿಗಲಿಕ್ಕಿಲ್ಲ.