ತಾತ ನಿಂತ ಜಾಗ

ಮಾವನ ಬೂಟಿನ ಅಂಚಿಗೆ ಹತ್ತಿದ ಸೀಮೆಸುಣ್ಣ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಸೊಸೆ ಅಡುಗೆಮನೆಯ ಮೂಲೆಯಲ್ಲಿ ಕೂತು ಒದ್ದೆ ಬಟ್ಟೆಯಿಂದ ತಿಕ್ಕುತ್ತಲೇ ಇದ್ದಳು. ಹೊಲಿಗೆಯ ಸಂದಿನಲ್ಲಿ ಬಿಳಿ ಗೆರೆ ಹಟ ಹಿಡಿದು ಕೂತಿತ್ತು. ನಡುಮನೆಯಲ್ಲಿ ಮಾವನನ್ನು ಮಲಗಿಸಿದ್ದರು, ಅಂಗಳದ ತುಂಬ ಜನ. ಶವದ ಗಾಡಿ ಬರುವಷ್ಟರಲ್ಲಿ ಅವನ ಕಾಲಿಗೆ ತೊಡಿಸಲು ಈ ಬೂಟು ಕಪ್ಪಾಗಬೇಕಿತ್ತು, ಅತ್ತಿಗೆಯ ಕಣ್ಣಿಗೆ ಬೀಳುವ ಮೊದಲು.

"ಅದೇನದು ಬಿಳಿ?"

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಗಂಡನ ಅಕ್ಕ. ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಬಂದವಳು ಇನ್ನೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಸೀಮೆಸುಣ್ಣ, ಅತ್ತಿಗೆ."

"ಬೂಟಿಗೆ ಹೇಗೆ ಬಂತು?"

ಸೊಸೆಗೆ ಸುಳ್ಳೊಂದು ಹೊಳೆಯುವ ಮೊದಲೇ ಮೇಜಿನ ಕೆಳಗಿಂದ ಉತ್ತರ ಬಂತು. ಐದು ವರ್ಷದ ಕಿರಿಮಗಳು ಅಲ್ಲಿ ಅಡಗಿ ಕೂತಿದ್ದಳು. ಬಾಯಿಗೆ ಬೀಗವಿಲ್ಲದ ಈ ಮೊಮ್ಮಗಳಿಗೆ 'ಪಟಾಕಿ' ಎಂದು ಹೆಸರಿಟ್ಟವನು ತಾತನೇ.

"ನಾನೇ ಅತ್ತೆ! ತಾತ ನಿಂತ್ಕೊಂಡಿದ್ರು, ನಾನು ಬೂಟಿನ ಸುತ್ತ ಗೆರೆ ಎಳೆದೆ. ಅಕ್ಕ ನೆರಳಿನ ಸುತ್ತ ಎಳೆದ್ಲು. ಮೊನ್ನೆ, ಚಿಕ್ಕ ಹಗಲಿನ ದಿನ, ಚೌಕದಲ್ಲಿ."

ಶಾಲೆಗೆ ಹೋಗದೆ ಮನೆಯಲ್ಲೇ ಅಮ್ಮನ ಹತ್ತಿರ ಕಲಿಯುವ ಮಕ್ಕಳಿಗೆ ಒಂದು ಕೆಟ್ಟ ಚಾಳಿ. ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಿಬಿಡುತ್ತವೆ.

ಅತ್ತಿಗೆಯ ದನಿ ಏರಲಿಲ್ಲ, ಇಳಿಯಿತು. "ಎದೆ ತುಂಬ ಕಫ ಇದ್ದ ಮನುಷ್ಯನ್ನ ಈ ಚಳೀಲಿ ಬಯಲಲ್ಲಿ ನಿಲ್ಲಿಸಿ ಪಾಠ ಮಾಡಿದ್ಯಾ? ನಮ್ಮಪ್ಪ ಏನು ನಿನಗೆ ಕಂಬನಾ?"

ಸೊಸೆ ಬೂಟನ್ನು ಇನ್ನೂ ಗಟ್ಟಿಯಾಗಿ ತಿಕ್ಕಿದಳು. ರಾತ್ರಿಯೆಲ್ಲ ತನ್ನನ್ನು ತಾನು ಕೇಳಿಕೊಂಡದ್ದೂ ಇದನ್ನೇ.

*

ವರ್ಷದ ಅತಿ ಚಿಕ್ಕ ಹಗಲು ಈ ಮನೆಗೆ ಮಾತ್ರ ಹಬ್ಬ. ಬೇರೆ ಮಕ್ಕಳು ಚೀಲ ಹೊತ್ತು ಶಾಲೆಗೆ ಹೊರಟಾಗ ಇವರಿಬ್ಬರು ತಲೆಗೆ ಬಣ್ಣದ ಕಾಗದದ ಕಿರೀಟ ಹಾಕಿಕೊಂಡು, ಬುಟ್ಟಿಯಲ್ಲಿ ಕಿತ್ತಳೆ ತುಂಬಿಕೊಂಡು ಚೌಕಕ್ಕೆ ಹೊರಡುತ್ತಿದ್ದರು. ಅಮ್ಮನ ಪಾಠದ ನಿಯಮ ಒಂದೇ: ಮೊದಲು ಕಣ್ಣಿಂದ ನೋಡು, ಆಮೇಲೆ ಪುಸ್ತಕದಲ್ಲಿ ಓದು. ಚಳಿಗಾಲದಲ್ಲಿ ಸೂರ್ಯ ಕೆಳಗಿಳಿಯುತ್ತಾನೆ ಎಂದು ಪುಸ್ತಕ ಹೇಳಿದರೆ ಸಾಲದು, ನೆರಳು ಹೇಳಬೇಕು.

ಮೊದಲ ವರ್ಷ ನೆರಳಿಗೆಂದು ಕೋಲು ನೆಟ್ಟಿದ್ದರು. ಅದನ್ನು ನಾಯಿಯೊಂದು ಕಚ್ಚಿಕೊಂಡು ಓಡಿತು. ಮಕ್ಕಳ ಮುಖ ಸಣ್ಣಗಾಯಿತು. ಬುಟ್ಟಿ ಹೊರಲು ಬಂದಿದ್ದ ಮಾವ ಎದ್ದು ನಿಂತ. "ಕೋಲು ಯಾಕೆ, ನಾನಿಲ್ವಾ? ಕಟಿಂಗ್ ಶಾಪಿನಲ್ಲಿ ಜೀವಮಾನ ಪೂರ್ತಿ ನಿಂತೇ ದುಡಿದೋನು. ಇವತ್ತು ಒಂದು ಗಳಿಗೆ ನಿಲ್ಲಕ್ಕಾಗಲ್ವಾ?"

ಅಂದಿನಿಂದ ಪ್ರತಿ ವರ್ಷ ಅವನೇ. ಗಡಿಯಾರದ ಗೋಪುರ ಹನ್ನೆರಡು ಹೊಡೆಯುವ ಹೊತ್ತಿಗೆ ಮೀಸೆ ತಿದ್ದಿಕೊಂಡು, ಟೋಪಿ ಸರಿಮಾಡಿಕೊಂಡು, ಚೌಕದ ನಡುವೆ ಗಲ್ಲ ಎತ್ತಿ ನಿಲ್ಲುತ್ತಿದ್ದ. ಸುತ್ತ ಚಳಿಗಾಲದ ಸಂತೆಯ ತೂಗುವ ದೀಪದ ಸರ, ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಮರದ ಕುದುರೆಗಳು, ವಾದ್ಯ. ಊರಿನ ಗಂಡಸರಿಗೆಲ್ಲ 'ತಲೆ ಅಲ್ಲಾಡಿಸ್ಬೇಡಿ' ಎಂದು ಗದರಿದ ಮನುಷ್ಯ ಪಟಾಕಿಯ ಕೈಯಲ್ಲಿ ಅದೇ ಮಾತು ಅನ್ನಿಸಿಕೊಂಡು ಕದಲದೆ ನಿಲ್ಲುತ್ತಿದ್ದ.

ಮೊನ್ನೆ ನಿಂತಾಗ ಕೆಮ್ಮುತ್ತಿದ್ದ. "ಸಾಕು ಮಾವ, ಬನ್ನಿ" ಎಂದು ಸೊಸೆ ಒಮ್ಮೆ ಅಂದಳು. ಒಮ್ಮೆ ಮಾತ್ರ. ಅಷ್ಟರಲ್ಲಿ ದೊಡ್ಡವಳು, "ತಾತ, ಮಫ್ಲರ್‌ನಿಂದ ಕುತ್ತಿಗೇನೇ ಕಾಣ್ತಿಲ್ಲ, ಎತ್ತಿನ ಥರ ಬರ್ತಿದೆ ನೆರಳು" ಎಂದಳು. ಎಲ್ಲರೂ ನಕ್ಕರು. ಅವನು ಮಫ್ಲರ್ ಬಿಚ್ಚಿ ಸೊಸೆಯ ಕೈಗೆ ಕೊಟ್ಟ. ಅವಳು ನಗುತ್ತಲೇ ಅದನ್ನು ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಜ್ವರ. ಸಂಜೆಗೆ ಅವನಿರಲಿಲ್ಲ.

*

ಅಂಗಳದಲ್ಲಿ ಮಾವನ ಗಿರಾಕಿಗಳೇ ಹೆಚ್ಚು. ಬೋಳುತಲೆಯವನೊಬ್ಬ ಮೂಗೊರೆಸಿಕೊಂಡು ಹೇಳುತ್ತಿದ್ದ: "ಕತ್ತರಿಸಕ್ಕೆ ನನ್ನ ತಲೇಲಿ ಏನಿತ್ತು ಹೇಳಿ? ಆದ್ರೂ ಅರ್ಧ ಗಂಟೆ ಕತ್ತರಿ ಆಡಿಸೋರು. ನನ್ನ ಮರ್ಯಾದೆ ಹೋಗ್ಬಾರ್ದಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಜನ ನಿಂತಿದ್ದಾಗ ಅತ್ತಿಗೆ ಹೊರಗೆ ಬಂದು ಎಲ್ಲರ ಮುಂದೆ ತಮ್ಮನನ್ನು ಹಿಡಿದಳು. "ನಾಳೆಯಿಂದ ಈ ಮಕ್ಕಳು ಶಾಲೆಗೆ ಹೋಗ್ಬೇಕು. ಅಪ್ಪನ ಮುಂದೆ ಮಾತು ಕೊಡು. ಇವಳ ಪಾಠಕ್ಕೆ ಒಂದು ಜೀವ ಹೋಗಿದ್ದು ಸಾಕು."

ಜನ ತಿರುಗಿ ಸೊಸೆಯನ್ನು ನೋಡಿದರು. ಗಂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ ಅಕ್ಕ" ಎಂದ. ಆ 'ನೋಡೋಣ' ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಇವನಿಗೂ ಹಾಗೇ ಅನ್ನಿಸಿದೆಯೇ?

"ಅವಳನ್ನ ಅನ್ಬೇಡಮ್ಮ." ಗೋಡೆಗೊರಗಿದ್ದ ಟೈಲರ್ ಮುಂದೆ ಬಂದ. ಮಾವನ ಅಂಗಡಿಗೆ ಅಂಟಿಕೊಂಡ ಅಂಗಡಿ ಅವನದು, ಸ್ನೇಹವೂ ಅಷ್ಟೇ ಹಳೆಯದು. "ಮೊನ್ನೆ ಬೆಳಿಗ್ಗೆ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದು ನಾನು. ಈಗಲೇ ಆಸ್ಪತ್ರೆಗೆ ಸೇರಿ ಅಂದ್ರು. ನಾಳೆ ಸೇರ್ತೀನಿ, ಇವತ್ತು ಕೆಲಸ ಇದೆ ಅಂದ. ಮನೇಲಿ ಬಾಯಿ ಬಿಟ್ರೆ ನನ್ನ ಮುಖ ನೋಡ್ಬೇಡ ಅಂತ ನನಗೆ ಆಣೆ ಹಾಕಿದ."

"ಏನು ಅಂಥಾ ಕೆಲಸ?"

"ನಿಲ್ಲೋದು." ಟೈಲರ್ ಚೌಕದ ಕಡೆ ಕೈ ತೋರಿಸಿದ. "ನಾನೂ ಬೈದೆ ಕಣಮ್ಮ. ಅದಕ್ಕವನು, 'ಜೀವಮಾನ ಎಲ್ಲಾ ಕನ್ನಡಿ ಮುಂದೆ ನಿಂತೆ. ಕೂತೋರೆಲ್ಲ ಅವರವರ ಮುಖ ನೋಡ್ಕೊಂಡು ಎದ್ದು ಹೋದ್ರು. ವರ್ಷಕ್ಕೊಂದು ದಿನ ಎರಡು ಮಕ್ಕಳು ನನ್ನನ್ನೇ ನೋಡ್ತವೆ, ತಲೆಯಿಂದ ಕಾಲ್ತನಕ. ಅದನ್ನೂ ಬಿಡು ಅಂತೀಯಾ?' ಅಂದ. ನಾನೇನು ಹೇಳ್ಲಿ?"

ಅತ್ತಿಗೆ ಅವನನ್ನು ದುರುಗುಟ್ಟಿ ನೋಡಿದಳು. ಸೊಸೆ ಸುಮ್ಮನಿದ್ದಿದ್ದರೆ ಅಲ್ಲಿಗೆ ತಪ್ಪಿಸಿಕೊಳ್ಳಬಹುದಿತ್ತು. ಅವಳಿಗೆ ಆಗಲಿಲ್ಲ.

"ಮಫ್ಲರ್ ಬಿಚ್ಚಿ ಕೊಟ್ರು, ಅತ್ತಿಗೆ. ನನ್ನ ಕೈಲೇ ಇತ್ತು. ವಾಪಸ್ ಹಾಕ್ಕೊಳ್ಳಿ ಅನ್ಲಿಲ್ಲ ನಾನು."

ಅಷ್ಟರಲ್ಲಿ ಗಾಡಿ ಬಂತು. ಅತ್ತಿಗೆ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಹೊರಗೆ ಬಂದಾಗ ಕೈಯಲ್ಲಿ ತುಂಬಿದ ಬಕೆಟ್ ಇತ್ತು.

"ಚೌಕದಲ್ಲಿರೋ ಆ ಗೆರೆ ತೊಳೆದೇ ಮುಂದಕ್ಕೆ ಹೋಗೋದು. ನಮ್ಮಪ್ಪನ್ನ ಕಂಡಕಂಡೋರು ತುಳಿಯೋದು ಬೇಡ."

ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಗಾಡಿಯ ಮುಂದೆ ಬಕೆಟ್ ಹೊತ್ತ ಹೆಂಗಸು, ಹಿಂದೆ ಜನ. ನೀರು ತುಳುಕಿ ಬೀದಿಯುದ್ದಕ್ಕೂ ಒದ್ದೆಯಾಗುತ್ತಿತ್ತು. ದೊಡ್ಡವಳು ಅಮ್ಮನ ಕೈಯನ್ನು ಉಗುರಿಳಿಯುವಷ್ಟು ಬಿಗಿಯಾಗಿ ಹಿಡಿದಳು. "ಅಮ್ಮ, ತಾತನ್ನ ಅಳಿಸಿಬಿಡ್ತಾರಾ?"

"ಗೊತ್ತಿಲ್ಲ ಮಗಳೇ."

ಗಾಡಿ ಕಂಡೊಡನೆ ಚೌಕದಲ್ಲಿ ಮರದ ಕುದುರೆಗಳು ನಿಂತವು. ಕಲ್ಲುಹಾಸಿನ ಮೇಲೆ ಅವನು ಹಾಗೇ ಮಲಗಿದ್ದ, ಬಿಳಿ ಗೆರೆಯಲ್ಲಿ. ನೀಳ ಕಾಲು, ಟೋಪಿ, ನಡುವೆ ಸಪೂರ ಕುತ್ತಿಗೆ. ಎರಡು ದಿನವಾದರೂ ಎಲ್ಲೂ ಮಾಸಿರಲಿಲ್ಲ. ಸಂತೆಗೆ ಬಂದವರು ಅಲ್ಲಿಗೆ ಬರುತ್ತಲೇ ಎಡಕ್ಕೋ ಬಲಕ್ಕೋ ಸರಿದು, ಸುತ್ತು ಹಾಕಿ ಹೋಗುತ್ತಿದ್ದರು.

ಅತ್ತಿಗೆ ಬಕೆಟ್ ಎತ್ತಿದಳು. ಗೆರೆಯನ್ನು ಕಾಲಿನಿಂದ ಕುತ್ತಿಗೆಯವರೆಗೆ ನೋಡಿದಳು. ಕುತ್ತಿಗೆಯ ಹತ್ತಿರ ಅವಳ ನೋಟ ತುಂಬ ಹೊತ್ತು ನಿಂತಿತು. ಆಮೇಲೆ ಬಕೆಟ್ಟನ್ನು ಪಕ್ಕಕ್ಕಿಟ್ಟು, ಚಪ್ಪಲಿ ಕಳಚಿ, ಬೂಟಿನ ಎರಡು ಗೆರೆಗಳ ಒಳಗೆ ಪಾದ ಇಟ್ಟಳು. ಸುತ್ತ ಜಾಗ ಉಳಿಯಿತು. ಗೋಪುರ ಹನ್ನೆರಡು ಹೊಡೆಯತೊಡಗಿತು. ಅವಳ ನೆರಳು ಅಪ್ಪನ ಗೆರೆಯೊಳಗೇ ಚಾಚಿಕೊಂಡಿತು. ನೆರಳಿನ ತಲೆ ಅವನ ಭುಜದವರೆಗೆ ಬಂದಿತ್ತು.

ಅವಳ ಹೆಗಲು ಅಲುಗತೊಡಗಿತು. ನೆರಳೂ ಅಲುಗಿತು.

ಪಟಾಕಿ ಅಮ್ಮನ ಸೆರಗು ಬಿಟ್ಟು ಓಡಿದಳು. ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು ಮಂಡಿಯೂರಿದಳು.

"ಅತ್ತೆ, ಅಲ್ಲಾಡ್ಬೇಡಿ."