ಗುಂಡಮ್ಮನ ಮೇಲಿನ ಆಣೆ

ಸೋಮವಾರ ಬೆಳಿಗ್ಗೆ ತಿಂಡಿಗೆ ಕೂತಾಗ ನನ್ನ ತಮ್ಮ ಎಡಗೈಯಲ್ಲಿ ಚಮಚ ಹಿಡಿದಿದ್ದ. ತಿಂಡಿಯಲ್ಲಿ ಅರ್ಧ ಬಾಯಿಗೆ ಹೋಗುತ್ತಿತ್ತು, ಅರ್ಧ ಅಂಗಿಗೆ.

"ಬಲಗೈಗೆ ಏನಾಯ್ತೋ?"

"ಅದಕ್ಕೆ ಇವತ್ತು ರಜೆ ಅಕ್ಕಾ."

"ಯಾರು ಕೊಟ್ಟಿದ್ದು ರಜೆ?"

"ಅದೇ ತಗೊಂಡಿದೆ."

ಮೇಜಿನ ಕೆಳಗೆ ನನ್ನ ಮಗಳು ಮಾವನಿಗೆ ಎಚ್ಚರಿಕೆಯ ಒದೆ ಕೊಟ್ಟಳು. ಗುರಿ ತಪ್ಪಿ ಅದು ನನ್ನ ಮೊಣಕಾಲಿಗೆ ಬಿತ್ತು. ಒದೆಯೂ ಬಿದ್ದ ಮೇಲೆ ಇದರಲ್ಲಿ ಏನೋ ಇದೆ ಎಂದು ಯಾವ ತಾಯಿಗಾದರೂ ಗೊತ್ತಾಗುತ್ತದೆ. ಬಲಗೈಯನ್ನು ಮೇಜಿನ ಮೇಲೆ ಇಡಿಸಿ ನೋಡಿದೆ. ಮಣಿಕಟ್ಟು ಹೊಸ ಬನ್ನಿನ ಹಾಗೆ ಉಬ್ಬಿತ್ತು.

ನನ್ನ ತಮ್ಮನಿಗೆ ಮೂವತ್ತು ದಾಟಿದೆ. ದಿನಾ ಗಡ್ಡ ಬೋಳಿಸಬೇಕು, ತೂಕದಲ್ಲಿ ನನ್ನನ್ನು ಮೀರಿಸುತ್ತಾನೆ. ಆದರೆ ಲೋಕವನ್ನು ಮಾತ್ರ ಏಳೆಂಟು ವರ್ಷದ ಹುಡುಗನಂತೆ ನಂಬುತ್ತಾನೆ. ನೀವು ಅವನಿಗೆ ಚಂದ್ರ ಇವತ್ತು ಬಾಡಿಗೆಗೆ ಹೋಗಿದ್ದಾನೆ ಎಂದರೆ, ಎಷ್ಟು ಗಂಟೆಗೆ ವಾಪಸ್ ಬರ್ತಾನೆ ಎಂದು ಕೇಳುತ್ತಾನೆ. ನನ್ನ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಚುವುದು ಅವನ ಕೆಲಸ. ನಡೆಯುವಾಗ ಆಗಾಗ ಆಯ ತಪ್ಪುವ ಅವನಿಗೆ ಕುದುರೆ ಸವಾರಿ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ, ಪ್ರತಿ ಭಾನುವಾರ ಮಾವ ಸೊಸೆ ಇಬ್ಬರೂ ಸವಾರಿ ಶಾಲೆಗೆ ಹೋಗುತ್ತಿದ್ದರು.

"ಬಿದ್ಯಾ?" ಎಂದೆ.

ಅವನು ತುಟಿ ಒಳಗೆಳೆದುಕೊಂಡು ಬಾಯಿಯನ್ನೇ ಮಾಯ ಮಾಡಿದ. ಕಣ್ಣಿನಲ್ಲಿ ನೀರು ತುಂಬಿತು. "ಹೇಳಿದ್ರೆ ಗುಂಡಮ್ಮ ಸತ್ತೋಗ್ತಾಳೆ," ಎಂದ.

ಗುಂಡಮ್ಮ ಎಂದರೆ ಆ ಶಾಲೆಯ ಹಳೆಯ ಹೆಣ್ಣುಕುದುರೆ. ಹೆಸರಿಗೆ ತಕ್ಕ ಮೈ. ಹುಲ್ಲು, ಕ್ಯಾರೆಟ್, ಮಕ್ಕಳ ಟೋಪಿ, ಒಮ್ಮೆ ಒಬ್ಬ ಪೋಷಕರ ಮೊಬೈಲ್ ಕವರ್, ಯಾವುದನ್ನೂ ಅವಳು ಬೇಡ ಎಂದವಳಲ್ಲ. ಶಾಲೆಗೆ ಹೊಸದಾಗಿ ಸೇರಿದವರು ಮೊದಲ ದಿನ ಅವಳ ಹಣೆಯ ಮೇಲೆ ಅಂಗೈ ಇಟ್ಟು ಆಣೆ ಮಾಡುವುದು ಅಲ್ಲಿಯ ಪದ್ಧತಿ. "ಲಾಯದಲ್ಲಿ ಆದದ್ದನ್ನು ಮನೆಯಲ್ಲಿ ಹೇಳುವುದಿಲ್ಲ." ಹೇಳಿದರೆ ಗುಂಡಮ್ಮ ಮೇವು ಬಿಟ್ಟು ಪ್ರಾಣ ಬಿಡುತ್ತಾಳೆ ಎಂದು ಮಕ್ಕಳಿಗೆ ನಂಬಿಸಿದ್ದರು. ಬೇಲಿಯಾಚೆ ನಿಂತ ಅಪ್ಪ ಅಮ್ಮಂದಿರಿಗೆ ಇದೊಂದು ಮುದ್ದಾದ ಆಟ. ಫೋಟೋ ತೆಗೆದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಮಗಳನ್ನು ಅಡುಗೆಮನೆಗೆ ಕರೆದೆ. ಅವಳೂ ಬಾಯಿ ಬಿಡಲಿಲ್ಲ. ಆಮೇಲೆ ವಕೀಲರ ಮಗಳ ಹಾಗೆ ಒಂದು ದಾರಿ ಹುಡುಕಿದಳು.

"ಅಮ್ಮಾ, ಹೇಳಲ್ಲ ಅಂತ ಆಣೆ ಮಾಡಿದೀನಿ. ತಲೆ ಅಲ್ಲಾಡಿಸಲ್ಲ ಅಂತ ಮಾಡಿಲ್ಲ."

"ಮಾವ ಕುದುರೆ ಮೇಲಿಂದ ಬಿದ್ನಾ?"

ತಲೆ ಮೇಲೆ ಕೆಳಗೆ ಹೋಯಿತು.

"ಪಕ್ಕದಲ್ಲಿ ಹಿಡ್ಕೊಳ್ಳೋರು ಯಾರಾದ್ರೂ ಇದ್ರಾ?"

ಅತ್ತಿತ್ತ.

"ಸವಾರಿ ಶಾಲೆ ಕ್ಯಾಪ್ಟನ್‌ಗೆ ಗೊತ್ತಾ?"

ಮೇಲೆ ಕೆಳಗೆ, ಬಹಳ ಜೋರಾಗಿ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಬಿರುಕು ಬಿಟ್ಟಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದರೆ ತಮ್ಮ ಗೋಡೆ ನೋಡಿದ. ಪ್ಲಾಸ್ಟರ್ ಹಾಕುವಾಗ ನೋವಿಗೆ ಕೂಗಬೇಕಾದಲ್ಲಿ ಹಲ್ಲು ಕಚ್ಚಿ "ಗುಂಡಮ್ಮ, ಗುಂಡಮ್ಮ" ಎಂದ. ಡಾಕ್ಟರು ನನ್ನತ್ತ ನೋಡಿ ಮೆಲ್ಲಗೆ ಕೇಳಿದರು: "ತಾಯಿಯ ಹೆಸರಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ದಿನ, ಒಂದು ರಾತ್ರಿ ಮುರಿದ ಕೈ ಇಟ್ಟುಕೊಂಡು ಅವನು ನನ್ನ ಪಕ್ಕದ ಕೋಣೆಯಲ್ಲೇ ಮಲಗಿದ್ದ. ನನಗೊಂದು ಮಾತು ಹೇಳಲಾರದೆ ಮಲಗಿದ್ದ. ಇದಕ್ಕಿಂತ ಕೆಟ್ಟದ್ದು ಏನಾದರೂ ಆದರೆ? ಆಗಲೂ ಹೇಳುವುದಿಲ್ಲವೇ? ಆ ಸಂಜೆಯೇ ಅಂಗಡಿ ಮುಚ್ಚಿ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಸಂಜೆಯ ತರಗತಿ ಇನ್ನೇನು ಶುರುವಾಗಲಿತ್ತು. ಮಕ್ಕಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಗೇಟಿನ ಪಕ್ಕ ಕುರ್ಚಿಯಲ್ಲಿ ಲಾಯದ ಅಜ್ಜಿ ಕೂತಿದ್ದರು. ಶಾಲೆ ಕಟ್ಟಿದವರ ಹೆಂಡತಿ ಅವರೇ, ಈಗಿನ ಯಜಮಾನನ ತಾಯಿಯೂ ಅವರೇ. ಯಜಮಾನನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಯಾವ ಸೈನ್ಯವೂ ಅವನನ್ನು ಕಂಡಿಲ್ಲ. ಓದುವಾಗ ಫುಟ್‌ಬಾಲ್ ತಂಡಕ್ಕೆ ನಾಯಕನಾಗಿದ್ದನಂತೆ, ಅದೂ ಒಂದೇ ಪಂದ್ಯಕ್ಕೆ.

ಪ್ಲಾಸ್ಟರ್ ನೋಡಿದ ಕ್ಯಾಪ್ಟನ್ ಮುಖ ಬಿಳುಪಾಯಿತು. ಆದರೂ ಮೀಸೆ ಸರಿಮಾಡಿಕೊಂಡ. "ಸಣ್ಣ ಪೆಟ್ಟು ಅಕ್ಕಾವ್ರೇ. ಎದ್ದು ಮೈ ಕೊಡವಿಕೊಂಡ. ಧೈರ್ಯ ಬರ್ಲಿ ಅಂತಾನೇ ಈ ಪದ್ಧತಿ ಇರೋದು."

ಅಜ್ಜಿ ಕುರ್ಚಿಯಿಂದಲೇ ದನಿ ಏರಿಸಿದರು. "ನಮ್ಮ ಯಜಮಾನ್ರು ಸೊಂಟ ಮುರಿದ್ರೂ ಮನೇಲಿ ತುಟಿ ಎರಡು ಮಾಡ್ಲಿಲ್ಲ, ಗೊತ್ತಾ? ಅಂಥಾ ಗಂಡಸು!"

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು ಅಜ್ಜಿ?" ಎಂದು ಕೇಳಿದವರು ಹೊಸ ಟೀಚರ್. ಹಿಂದಿನ ವಾರವಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, ಮಾತಿಗೆ ಹೆದರುವವಳಲ್ಲ.

"ಹಾಸಿಗೆಯಿಂದ ಏಳೋಕೇ ಆಗ್ಲಿಲ್ವಲ್ಲೇ!"

"ಅವತ್ತೇ ಹೇಳಿದ್ರೆ?"

"ಅವತ್ತೇ ಹೇಳಿದ್ರೆ ಇಷ್ಟು ಬೇಗ ಹೋಗ್ತಿರಲಿಲ್ಲ ಅಂದ್ರು ಡಾಕ್ಟ್ರು." ಹೇಳಿ ಮುಗಿಸಿದ ಮೇಲೆ ಅಜ್ಜಿಗೆ ತಾವು ಹೇಳಿದ್ದು ಕೇಳಿಸಿತು. ಸೆರಗು ಸರಿಮಾಡಿಕೊಂಡು, "ಅದು ಬೇರೆ ವಿಷ್ಯ," ಎಂದರು.

ಟೀಚರ್ ಕ್ಯಾಪ್ಟನ್ ಕಡೆ ತಿರುಗಿದರು. "ಸರ್, ನೀವು ಕೆಟ್ಟವರಲ್ಲ. ಆದ್ರೆ ನಾಳೆ ಒಬ್ಬ ಕೆಟ್ಟವನು ಇಲ್ಲಿ ಕಾಲಿಟ್ಟ ಅನ್ಕೊಳ್ಳಿ. ಅವನು ಏನೂ ಕಷ್ಟಪಡಬೇಕಿಲ್ಲ. ಮಕ್ಕಳ ಬಾಯಿಗೆ ಬೀಗ ಹಾಕಿ, ಬೀಗದಕೈ ಅವನ ಕೈಗೆ ನಾವೇ ಕೊಟ್ಟಿದೀವಿ."

"ಇಲ್ಲಿ ಎಲ್ಲಾ ನಮ್ಮವರೇ," ಎಂದರು ಅಜ್ಜಿ. "ಆಣೆ ಮುರೀಲಿ ನೋಡೋಣ! ಗುಂಡಮ್ಮ ಏನು ಮಾಡ್ತಾಳೆ ಅಂತ ಎಲ್ರೂ ನೋಡ್ಲಿ."

"ಆಗಲಿ," ಎಂದರು ಟೀಚರ್. ಗುಂಡಮ್ಮ ಕ್ಯಾರೆಟ್ ಬಿಡುವುದುಂಟೇ ಎಂಬ ಧೈರ್ಯ ಅವರದು. ನನ್ನದೂ ಅದೇ.

ಗುಂಡಮ್ಮನನ್ನು ಹೊರಗೆ ತಂದರು. ಮಕ್ಕಳು ಸುತ್ತ ನಿಂತರು, ಪೋಷಕರು ಬೇಲಿಗೆ ಒರಗಿದರು. ತಮ್ಮ ನನ್ನ ಬೆನ್ನ ಹಿಂದೆ ಸರಿದ. ಅವನ ಕಿವಿಯಲ್ಲಿ, "ಬೇಡ ಅನ್ಸಿದ್ರೆ ಹೇಳಬೇಡ ಪುಟ್ಟಾ, ಮನೆಗೆ ಹೋಗೋಣ," ಎಂದೆ. ಅವನು ಬಹಳ ಹೊತ್ತು ಗುಂಡಮ್ಮನ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ:

"ನಾನು ಬಿದ್ದೆ. ಹಿಡ್ಕೊಳ್ಳೋ ಅಣ್ಣ ಫೋನಲ್ಲಿದ್ದ. ಕೈ ಟಪ್ ಅಂತು. ಕ್ಯಾಪ್ಟನ್ ಸರ್, ಆಣೆ ನೆನಪಿದೆಯಾ ಅಂದ್ರು. ನೆನಪಿದೆ ಅಂದೆ. ರಾತ್ರಿಯೆಲ್ಲಾ ನೋಯ್ತು."

ಟೀಚರ್ ಕ್ಯಾರೆಟ್ ಮುಂದೆ ಹಿಡಿದರು. ಗುಂಡಮ್ಮ ಮೂಸಿದಳು. ಮುಖ ಆಚೆ ತಿರುಗಿಸಿದಳು.

ಟೀಚರ್ ಇನ್ನೊಂದು ಕ್ಯಾರೆಟ್ ಹಿಡಿದರು, ಸಿಪ್ಪೆ ಹೆರೆದದ್ದು. ಗುಂಡಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ನೋಡಿದ್ರಾ!" ಎಂದು ಅಜ್ಜಿ ಎದ್ದೇ ನಿಂತರು. ಇನ್ನು ಜನ್ಮದಲ್ಲಿ ಇವನು ನನಗೆ ಒಂದು ನೋವನ್ನೂ ಹೇಳಲಾರ ಎಂದುಕೊಂಡೆ.

ತಮ್ಮ ಕಣ್ಣು ತೆರೆದ. ತಿನ್ನದ ಕ್ಯಾರೆಟ್ ನೋಡಿದ, ಪ್ಲಾಸ್ಟರ್ ನೋಡಿದ. ಹತ್ತಿರ ಹೋಗಿ ಎಡಗೈಯಿಂದ ಅವಳ ಕುತ್ತಿಗೆ ಸವರಿದ.

"ಅವಳಿಗೆ ಬೇಡ ಅಂತೆ, ಬಿಡಿ," ಎಂದ. "ಆದ್ರೂ ನನ್ನ ಕೈ ನೋಯ್ತಿದೆ. ನೋವಾದ್ರೆ ನಾನು ಅಕ್ಕಂಗೆ ಹೇಳ್ತೀನಿ. ಅವಳು ಉಪವಾಸ ಮಾಡಿದ್ರೂ ಹೇಳ್ತೀನಿ."

ಆಗ ಹಿಂದಿನ ಸಾಲಿನಿಂದ ಒಂದು ಪುಟ್ಟ ಕೈ ಮೇಲೆ ಬಂತು. "ನಾನು ಈಗಷ್ಟೇ ಒಂದು ಬುಟ್ಟಿ ಕ್ಯಾರೆಟ್ ತಿನ್ನಿಸಿದೆ. ಪೂರ್ತಿ. ಇವತ್ತು ನನ್ನ ಹುಟ್ಟುಹಬ್ಬ."

ಗುಂಡಮ್ಮನ ಹೊಟ್ಟೆ ದೊಡ್ಡದಾಗಿ ಗುಡುಗಿತು, ಹಿಂದಿನಿಂದಲೂ ಸಾಕ್ಷಿ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಆಮೇಲೆ ಒಬ್ಬರ ಹಿಂದೊಬ್ಬರು ಹೇಳತೊಡಗಿದರು.

"ನಾನೂ ಬಿದ್ದಿದ್ದೆ!"

"ನನ್ನ ಹೆಲ್ಮೆಟ್ ಬಕಲ್ ಮುರಿದಿದೆ, ದಾರ ಕಟ್ಟಿದಾರೆ!"

"ಬಟ್ಟೆ ಬದಲಾಯಿಸೋ ರೂಮಿಗೆ ಚಿಲಕ ಇಲ್ಲ!"

"ಅಜ್ಜಿ ನಮ್ಮ ಬಿಸ್ಕತ್ತು ತಿಂತಾರೆ!"

"ಒಂದೇ ಒಂದು ಸಲ ಕಣೋ!" ಎಂದರು ಅಜ್ಜಿ.

ನಗು ಇಳಿಯುವ ಹೊತ್ತಿಗೆ, ಸದಾ ಹಿಂದೆ ನಿಲ್ಲುವ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: "ಹುಲ್ಲಿನ ಗಾಡಿ ಅಂಕಲ್ ನನ್ನ ತೊಡೆ ಮೇಲೆ ಕೂರಿಸ್ಕೊಂಡು ಬಿಡಲ್ಲ. ಬೇಡ ಅಂದ್ರೂ ಬಿಡಲ್ಲ. ಇದೂ ಲಾಯದ ಮಾತು ಅಂತಾರೆ."

ಅವಳ ತಾಯಿ ಬೇಲಿ ದಾಟಿ ಓಡಿ ಬಂದು ಅವಳನ್ನು ತಬ್ಬಿಕೊಂಡರು. ಹುಲ್ಲಿನ ಗಾಡಿಯವನು ಅಜ್ಜಿಯ ಸ್ವಂತ ತಮ್ಮನ ಮಗ. ಅಜ್ಜಿ ಕೋಲೂರಿಕೊಂಡು ಹುಡುಗಿಯ ಮುಂದೆ ಬಂದು ನಿಂತರು.

"ಮಗೂ, ಇಷ್ಟು ದಿನ ನನ್ನ ಹತ್ರ ಯಾಕಮ್ಮಾ ಹೇಳ್ಲಿಲ್ಲ?"

ಹುಡುಗಿಗೆ ಆ ಪ್ರಶ್ನೆಯೇ ಆಶ್ಚರ್ಯ. "ನೀವೇ ಅಲ್ವಾ ಅಜ್ಜಿ, ಆಣೆ ಮಾಡ್ಸಿದ್ದು?"

ಕ್ಯಾಪ್ಟನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಅಷ್ಟರಲ್ಲಿ ಗೇಟಿನ ಹೊರಗೆ ಗಾಡಿಯ ಹಾರನ್ ಕೇಳಿತು. ಕ್ಯಾಪ್ಟನ್ ಅಭ್ಯಾಸಬಲದಿಂದ ಅತ್ತ ಹೊರಟ. ಅಜ್ಜಿ ಕೋಲನ್ನು ಅವನಿಗೆ ಅಡ್ಡ ಹಿಡಿದರು.

"ಗೇಟಿಗೆ ಕೈ ಹಾಕಿದ್ರೆ ನಿನ್ನ ಕೈಗೂ ಪ್ಲಾಸ್ಟರ್ ಬೀಳತ್ತೆ. ಪೊಲೀಸ್ನೋರಿಗೆ ಫೋನ್ ಮಾಡು."

"ಅಮ್ಮಾ, ಅವನು ನಮ್ಮವನು..."

"ನಮ್ಮವನು ಅಂತಾನೇ ಇಷ್ಟು ದಿನ ಒಳಗೆ ಬಿಟ್ಟಿದ್ದು. ಮಾಡು!"

ಹೊರಗಿನಿಂದ, "ಅತ್ತೇ, ಗೇಟು!" ಎಂಬ ಕೂಗು. ಅಜ್ಜಿ ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಗೇಟಿಗೆ ಅಡ್ಡ ಹಾಕಿ ಕೂತರು. ಪೊಲೀಸರು ಬರುವ ತನಕ ಏಳಲಿಲ್ಲ.

ಈಗ ಅಲ್ಲಿ ಆಣೆ ಇಲ್ಲ. ಹೆಲ್ಮೆಟ್‌ಗಳು ಹೊಸವು, ರೂಮಿಗೆ ಚಿಲಕ ಬಂದಿದೆ, ಪೋಷಕರು ಬೇಲಿಯೊಳಗೇ ಕೂರುತ್ತಾರೆ. ತರಗತಿ ಮುಗಿದ ಮೇಲೆ ಟೀಚರ್ ಪ್ರತಿಯೊಬ್ಬರನ್ನೂ ವಿಚಾರಿಸಿಕೊಂಡೇ ಕಳಿಸುತ್ತಾರೆ. ಮಕ್ಕಳು ಇರುವ ಕಡೆ ಗುಟ್ಟು ಕಾಯುವುದನ್ನು ಧೈರ್ಯ ಎಂದು ಕಲಿಸುವವರು ಯಾರೇ ಇರಲಿ, ಅವರಿಗೆ ಚಪ್ಪಾಳೆ ತಟ್ಟುವ ಮೊದಲು ಓದುಗರು ಒಂದು ಸಲ ಯೋಚಿಸಬೇಕು.

ನನ್ನ ತಮ್ಮನಿಗಂತೂ ಹೇಳುವುದರ ರುಚಿ ಹತ್ತಿಬಿಟ್ಟಿದೆ. ಎಲ್ಲಿ ಕೆರೆತ, ಯಾರು ಗದರಿದರು, ಯಾವ ಹಲ್ಲು ಜುಮ್ಮೆಂದಿತು, ಎಲ್ಲವನ್ನೂ ಹೇಳುತ್ತಾನೆ. ನಿನ್ನೆ ಅಂಗಡಿ ತುಂಬ ಗಿರಾಕಿಗಳಿದ್ದಾಗ, ಅಕ್ಕ ನಿಮ್ಮ ರೇಷ್ಮೆ ಅಂಗಿ ಸುಟ್ಟು ಬೆಳಿಗ್ಗೆಯಿಂದ ಬಚ್ಚಿಟ್ಟಿದ್ದಾಳೆ ಎಂದು ಅಂಗಿಯ ಯಜಮಾನರಿಗೇ ಹೇಳಿದ.

ಅಂಗಿ ಹೊರಗೆ ತೆಗೆದು, ಕ್ಷಮೆ ಕೇಳಿದೆ. ಅವನನ್ನು ಗದರಲಿಲ್ಲ.