ಒತ್ತುವ ಮೊದಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅದು ತಿಲಕನ ಮೇಲೆ ಹೋಯಿತು. ಮಣಿಪಾಲದ ನಮ್ಮ ಪುಟ್ಟ ಕಂಪನಿ ಮೀನುಗಾರಿಕೆ ಬೋಟುಗಳಿಗೆ ಒಂದು ಆ್ಯಪ್ ಮಾಡಿದೆ. ಬಲೆ ಹರಿಯುವ ಬಂಡೆ ಎಲ್ಲಿದೆ, ಮೀನು ಎಲ್ಲಿ ಸಿಗುತ್ತದೆ ಎಂದು ಬೋಟು ನಡೆಸುವ ತಾಂಡೇಲರು ಅದರಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ತಿಲಕ ಅದರ ಪ್ರೋಗ್ರಾಮರ್. ಬಳಸುವವರಿಗೆ ಹೋಗುವ ಸೂಚನೆಗಳನ್ನು ಬರೆಯುವವಳು ನಾನು.

"ಚೈತನ್ಯಾ, ಹೊಸ ಆವೃತ್ತಿಯಲ್ಲಿ ಬ್ಯಾಕಪ್ ಇಲ್ಲದ ಗುರುತುಗಳು ಅಳಿಸಿಹೋಗುತ್ತವೆ. ಅಪ್‌ಡೇಟ್ ಒತ್ತುವ ಮೊದಲೇ ದೊಡ್ಡದಾಗಿ ಹೇಳಬೇಕು," ಎಂದ.

"ಹೆದರಿಸಿದರೆ ಯಾರು ಒತ್ತುತ್ತಾರೆ ಮಾರಾಯ? ಆಮೇಲೆ ತೋರಿಸಿದರೆ ಸಾಕು," ಎಂದು ಅವನ ಬಾಯಿ ಮುಚ್ಚಿಸಿದೆ.

ತಾಂಡೇಲ ತನ್ನ ಗುರುತನ್ನು ಸ್ವಂತ ತಮ್ಮನಿಗೂ ಹೇಳುವುದಿಲ್ಲ. ಬ್ಯಾಕಪ್ ಎಂದು ಅದರ ನಕಲನ್ನು ಕಂಪನಿಗೆ ಕಳಿಸಿದರೆ ಪಕ್ಕದ ಬೋಟಿನವನಿಗೆ ಕೊಟ್ಟಂತೆ ಎಂದು ಅವರು ಯಾರೂ ಅದನ್ನು ಮಾಡಿಕೊಳ್ಳುವುದಿಲ್ಲ. ಇದು ತಿಲಕನಿಗೆ ಗೊತ್ತಿರಲಿಲ್ಲ. ಮಲ್ಪೆಯಲ್ಲೇ ಬೆಳೆದ ನನಗೆ ಗೊತ್ತಿತ್ತು. ಥೂ ನನ್ನ ಜನ್ಮಕ್ಕೆ.

ಮೊದಲು ಒತ್ತಿದವರಲ್ಲಿ ಅಂಗಾರ ಮಾವನೂ ಒಬ್ಬ. ನನ್ನನ್ನು ಸಾಕಿದ ಸುಂದರಿ ಅತ್ತೆಯ ಗಂಡ. ಜೀವಮಾನವಿಡೀ ಬಲೆ ಹರಿಸಿಕೊಂಡು ಕಲಿತ ಬಂಡೆಗಳೆಲ್ಲ ಒಂದೇ ಸಲಕ್ಕೆ ಹೋದವು. ನನ್ನ ಎಚ್ಚರಿಕೆ ಆಮೇಲೆ ಬಂತು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ತಿಲಕ ಎಷ್ಟು ಹುಡುಕಿದರೂ ಗುರುತುಗಳು ಸಿಗಲಿಲ್ಲ. ಅದನ್ನು ಹೇಳಲು ನಾನೇ ಮಲ್ಪೆಗೆ ಹೋದೆ.

ಮಾವ ಜಗಲಿಯಲ್ಲಿ ಕೂತಿದ್ದ. "ವಾಪಸ್ ಬರುವುದಿಲ್ಲ ಮಾವ," ಎಂದೆ.

"ಹೋಗಲಿ. ನೀನು ಮೊದಲೇ ಬರೆದಿರುತ್ತೀ, ನಾನು ಸರಿಯಾಗಿ ಓದಿರಲಿಕ್ಕಿಲ್ಲ. ಇದರಿಂದ ನಿನ್ನ ಕೆಲಸಕ್ಕೆ ತೊಂದರೆ ಎಂತ ಇಲ್ಲ, ಅಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಚಹಾ ತಂದಳು. "ಇವರಿಗೆ ನೀನಾದರೂ ಬುದ್ಧಿ ಹೇಳು ಮಗಾ. ಓದದೆ ಒತ್ತುವುದು ಎಂತಕ್ಕೆ? ನಾಳೆ ಬೋಟು ಹೊರಡಲಿಕ್ಕೆ ಉಂಟು. ಕುರುಡರ ಹಾಗೆ ಹೋಗುವುದಾ?" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಅತ್ತೆ, ಓದಲಿಕ್ಕೆ ಅಲ್ಲಿ ಎಂತದೂ ಇರಲಿಲ್ಲ," ಎಂದೆ. "ಮೊದಲೇ ಹೇಳುವುದು ಬೇಡ ಎಂದವಳು ನಾನು."

ಮಾವ ನನ್ನನ್ನೇ ನೋಡಿದ. "ಅಳಿಸಿಹೋಗುತ್ತದೆ ಎಂದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಫೋನನ್ನು ನನ್ನ ಕಡೆ ಚಾಚಿದ. "ಇದನ್ನು ತೆಗೆದುಬಿಡು."

ಆ್ಯಪಿನ ಮೇಲೆ ಬೆರಳಿಟ್ಟೆ. ಖಂಡಿತ ಅಳಿಸಬೇಕೇ ಎಂದು ಫೋನು ಕೇಳಿತು. ಅಷ್ಟನ್ನು ಕೇಳುವ ಮರ್ಯಾದೆ ನನಗಿರಲಿಲ್ಲ.